ಅಡಿಕೆ ಕೃಷಿಯ ಕನ್ನಡ ಜಾಲತಾಣಕ್ಕೆ ವಿಷಯಾಧಾರಿತ ಜಾಹೀರಾತು: ಹಾಕಬೇಕೇ, ಹಾಕುವುದಾದರೆ ಯಾರದ್ದು?

ತೋಟದಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿರಸಿ ತಾಲ್ಲೂಕಿನ ಹಳ್ಳಿಯೊಂದರಿಂದ ಅಡಿಕೆ, ಕಾಳುಮೆಣಸು ಮತ್ತು ಏಲಕ್ಕಿ ಕೃಷಿಯ ಕುರಿತು ಕನ್ನಡದಲ್ಲಿ ಒಂದು ಜಾಲತಾಣ ನಡೆಸುತ್ತಿದ್ದೇನೆ. ಆರು ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ಬರಹಗಳು ಸೇರಿವೆ. ತಿಂಗಳಿಗೆ ಸುಮಾರು ಮೂವತ್ತು ಸಾವಿರ ಪುಟ ವೀಕ್ಷಣೆಗಳಿದ್ದು, ಮೇ ಕೊನೆಯಿಂದ ಆಗಸ್ಟ್‌ವರೆಗೆ ಅದು ಎರಡು ಪಟ್ಟಾಗುತ್ತದೆ; ಮಳೆ ಹಿಡಿದ ಆ ದಿನಗಳಲ್ಲಿ ಬರುವವರು ಹುಡುಕುವುದು ಹೆಚ್ಚಾಗಿ ಮಳೆಗಾಲದಲ್ಲಿ ಅಡಿಕೆಯ ಕಾಯಿ ಕೊಳೆತು ಉದುರುವ ಕೊಳೆ ರೋಗವನ್ನೇ. ಓದುಗರಲ್ಲಿ ಬಹುಪಾಲು ಮಂದಿ ಶಿರಸಿ, ಸಿದ್ದಾಪುರ, ಸಾಗರ, ತೀರ್ಥಹಳ್ಳಿ, ಪುತ್ತೂರು, ಸುಳ್ಯದ ಕಡೆಯವರು, ಮೊಬೈಲಿನಲ್ಲಿಯೇ ಓದುವವರು. ಊರಿನಲ್ಲಿ ತೋಟವಿದ್ದು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವವರೂ ಸ್ವಲ್ಪ ಜನ ಇದ್ದಾರೆ.

ಇಲ್ಲಿಯವರೆಗೆ ಡೊಮೈನ್ ಮತ್ತು ಹೋಸ್ಟಿಂಗ್ ಖರ್ಚನ್ನು ಕೈಯಿಂದಲೇ ಹಾಕುತ್ತ ಬಂದಿದ್ದೇನೆ. ಈ ವರ್ಷ ನವೀಕರಣದ ಬಿಲ್ಲನ್ನು ನೋಡಿದ ನನ್ನ ಹೆಂಡತಿ, ಇದೇ ಹಣಕ್ಕೆ ಗೊಬ್ಬರ ತಂದು ಹಾಕಿದ್ದರೆ ನಾಲ್ಕು ಕೊನೆ (ಗೊಂಚಲು) ಅಡಿಕೆಯಾದರೂ ಹೆಚ್ಚಿಗೆ ಬರುತ್ತಿತ್ತು ಎಂದಳು. ಉತ್ತರ ಕೊಡಲು ನನ್ನ ಬಳಿ ಲೆಕ್ಕವಿರಲಿಲ್ಲ. ಆದ್ದರಿಂದ ಪುಟದ ವಿಷಯವನ್ನು ಓದಿ ಅದಕ್ಕೆ ಹೊಂದುವ ಜಾಹೀರಾತನ್ನು ತಾನಾಗಿ ಹಾಕುವ ಕಾರ್ಯಕ್ರಮಗಳಲ್ಲಿ ಒಂದನ್ನು ಸೇರಿಕೊಳ್ಳುವ ಯೋಚನೆಯಲ್ಲಿದ್ದೇನೆ. ಎಲ್ಲರೂ ಮೊದಲು ಹೇಳುವ ಹೆಸರು ಗೂಗಲ್‌ನ ಆಡ್‌ಸೆನ್ಸ್. ಮೀಡಿಯಾ ಡಾಟ್ ನೆಟ್ ಅದಕ್ಕಿಂತ ಹೆಚ್ಚು ಕೊಡುತ್ತದೆಂದು ಓದುಗರೊಬ್ಬರು ಬರೆದಿದ್ದಾರೆ. ಇವೆರಡನ್ನೂ ಬಿಟ್ಟು, ಔಷಧಿ ಸಿಂಪಡಿಸುವ ಯಂತ್ರ ಮತ್ತು ದೋಟಿ (ಕೊನೆ ಕೊಯ್ಯುವ ಉದ್ದ ಕೋಲು) ಮಾರುವ ಸ್ಥಳೀಯ ಅಂಗಡಿಯವರೊಬ್ಬರು ವರ್ಷಕ್ಕೆ ಇಷ್ಟೆಂದು ಕೊಟ್ಟು ತಮ್ಮ ಜಾಹೀರಾತನ್ನು ನೇರವಾಗಿ ಹಾಕಿಸಲು ಮುಂದೆ ಬಂದಿದ್ದಾರೆ.

ನನ್ನ ನಿಜವಾದ ತೊಡಕು ಹಣದ್ದಲ್ಲ. ಕೊಳೆ ರೋಗದ ಬರಹದಲ್ಲಿ ಶೇಕಡಾ 1ರ ಬೋರ್ಡೋ ದ್ರಾವಣವನ್ನು, ಅಂದರೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಸೇರಿಸಿ ಮಾಡುವ ಕ್ರಮವನ್ನು, ಯಾವುದನ್ನು ಯಾವುದಕ್ಕೆ ಹೊಯ್ಯಬೇಕೆಂಬುದರ ಸಮೇತ ಬರೆದಿದ್ದೇನೆ. ಆ ಬರಹದ ನಡುವೆ ಯಾವುದೋ ಕಂಪನಿಯ ಶಿಲೀಂಧ್ರನಾಶಕದ ಚಿತ್ರ ಬಂದು ಕುಳಿತರೆ, ಓದುವ ರೈತನಿಗೆ ಅದೂ ನನ್ನದೇ ಸಲಹೆ ಎನಿಸುವುದಿಲ್ಲವೇ? ಜಾಹೀರಾತು ವಿಷಯಕ್ಕೆ ಹೊಂದಬೇಕೆಂಬುದೇ ಈ ಕಾರ್ಯಕ್ರಮಗಳ ಗುಣವಾದರೆ, ನನ್ನ ತಾಣದ ಮಟ್ಟಿಗೆ ಆ ಗುಣವೇ ದೋಷವಾಗುವಂತೆ ಕಾಣುತ್ತದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಅಂಕಿಲೆಕ್ಕ

ತೋಟದಮನೆಯವರೇ, ಮೊದಲು ಹಣದ ಲೆಕ್ಕವನ್ನು ಮುಗಿಸಿಬಿಡೋಣ, ಏಕೆಂದರೆ ಅದು ಚಿಕ್ಕದು.

ಆಡ್‌ಸೆನ್ಸ್‌ನಲ್ಲಿ ತಾಣದ ಒಡೆಯನಿಗೆ ಸಿಗುವ ಪಾಲು ಶೇಕಡಾ 68 ಎಂಬುದನ್ನು ಗೂಗಲ್ 2010ರ ಮೇ ತಿಂಗಳಲ್ಲಿ ಬಹಿರಂಗಪಡಿಸಿತು. ಅದಕ್ಕೆ ಮುಂಚಿನ ಏಳು ವರ್ಷ ಆ ಅಂಕಿಯನ್ನು ಅದು ಹೇಳಿರಲೇ ಇಲ್ಲ. 2023ರ ನವೆಂಬರಿನಲ್ಲಿ ಲೆಕ್ಕದ ರೀತಿಯನ್ನು ಬದಲಿಸುವುದಾಗಿ ಪ್ರಕಟಿಸಿ, 2024ರ ಆರಂಭದಿಂದ ಅದನ್ನು ಜಾರಿಗೆ ತಂದಿತು. ಈಗ ಜಾಹೀರಾತುದಾರ ಗೂಗಲ್ ಆಡ್ಸ್ ಮೂಲಕ 100 ರೂಪಾಯಿ ಕೊಟ್ಟರೆ, ಕೊಳ್ಳುವ ಕಡೆಯ ಶುಲ್ಕವೆಂದು ಸರಾಸರಿ 15 ರೂಪಾಯಿ ಕಳೆಯುತ್ತದೆ. ಉಳಿದ 85ರಲ್ಲಿ ಶೇಕಡಾ 80 ನಿಮಗೆ. ಗುಣಿಸಿ ನೋಡಿ, ಮತ್ತೆ 68ಕ್ಕೇ ಬಂದು ನಿಲ್ಲುತ್ತದೆ. ನಿಜವಾಗಿ ಬದಲಾದದ್ದೆಂದರೆ, ಹಿಂದೆ ಮುಖ್ಯವಾಗಿ ಕ್ಲಿಕ್ಕಿಗೆ ಸಿಗುತ್ತಿದ್ದ ಹಣ ಈಗ ಜಾಹೀರಾತು ಕಾಣಿಸಿದ್ದಕ್ಕೆ ಸಿಗುತ್ತದೆ. ಓದುಗ ಒತ್ತಲಿ ಎಂದು ಜಾಹೀರಾತನ್ನು ಬರಹದ ಒಡಲಿಗೆ ತುರುಕುವ ಹಳೆಯ ಚಪಲಕ್ಕೆ ಇದರಿಂದ ಸ್ವಲ್ಪ ಕಡಿವಾಣ ಬಿದ್ದಿದೆ, ಮತ್ತು ನಿಮ್ಮಂಥವರಿಗೆ ಅದು ಒಳ್ಳೆಯದೇ.

ಸಾವಿರ ಪುಟ ವೀಕ್ಷಣೆಗೆ ಎಷ್ಟು ಬರುತ್ತದೆ ಎಂಬುದನ್ನು ಆರ್‌ಪಿಎಂ ಎನ್ನುತ್ತಾರೆ. ಅದು ತಾಣದಿಂದ ತಾಣಕ್ಕೆ, ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ನಿಮ್ಮದು ಇಷ್ಟೇ ಆಗುತ್ತದೆಂದು ಯಾರೂ ಹೇಳಲಾರರು. ಕೇವಲ ಲೆಕ್ಕದ ಅನುಕೂಲಕ್ಕೆ 30 ರೂಪಾಯಿ ಎಂದು ಹಿಡಿದರೆ ನಿಮ್ಮ ಮೂವತ್ತು ಸಾವಿರ ವೀಕ್ಷಣೆಗೆ ತಿಂಗಳಿಗೆ 900 ರೂಪಾಯಿ ಆಗುತ್ತದೆ. ಖಾತೆಯಲ್ಲಿ 100 ಡಾಲರ್ ಸೇರುವವರೆಗೆ ಅವರು ಹಣ ಕಳುಹಿಸುವುದಿಲ್ಲ. ಆದ್ದರಿಂದ ಈ ಲೆಕ್ಕದಲ್ಲಿ ನಿಮ್ಮ ಮೊದಲ ಪಾವತಿಗೆ ಹೆಚ್ಚುಕಡಿಮೆ ಒಂದು ಫಸಲಿನಷ್ಟು ಕಾಲ ಬೇಕು. ಹೋಸ್ಟಿಂಗ್ ಖರ್ಚು ಹುಟ್ಟಬಹುದು. ಗೊಬ್ಬರದ ಮಾತಿಗೆ ಉತ್ತರ ಸಿಗಲಾರದು.

ಇನ್ನು ಯಾರದ್ದು ಎಂಬ ಪ್ರಶ್ನೆ. ಕನ್ನಡ ಪುಟಗಳ ಮಟ್ಟಿಗೆ ಆಯ್ಕೆ ಹೊರಗಿನಿಂದ ಕಾಣುವಷ್ಟು ವಿಶಾಲವಾಗಿಲ್ಲ. ಮೀಡಿಯಾ ಡಾಟ್ ನೆಟ್ ಮುಂಬೈ ಮೂಲದ ಉದ್ಯಮಿಗಳು ಕಟ್ಟಿದ ಸಂಸ್ಥೆ. 2016ರಲ್ಲಿ ಅದು ಚೀನಾದ ಹೂಡಿಕೆದಾರರಿಗೆ ಸುಮಾರು 90 ಕೋಟಿ ಡಾಲರಿಗೆ ಮಾರಾಟವಾಯಿತು. ಯಾಹೂ ಮತ್ತು ಬಿಂಗ್ ಹುಡುಕಾಟದ ಜಾಹೀರಾತುದಾರರ ಬಲದಿಂದ ಬೆಳೆದದ್ದರಿಂದ ಅದರ ಶಕ್ತಿಯೆಲ್ಲ ಇಂಗ್ಲಿಷ್ ಬರಹ ಮತ್ತು ಅಮೆರಿಕ, ಬ್ರಿಟನ್, ಕೆನಡಾ ದೇಶಗಳ ಓದುಗರಲ್ಲಿದೆ. ಸುಳ್ಯದ ರೈತ ಕನ್ನಡದಲ್ಲಿ ಓದುವ ಪುಟಕ್ಕೆ ಅಲ್ಲಿ ಗಿರಾಕಿ ಸಿಗುವುದು ಕಷ್ಟ. ನಿಮ್ಮ ಓದುಗರು ಹೇಳಿದ ‘ಹೆಚ್ಚು’ ಇಂಗ್ಲಿಷ್ ತಾಣದವರ ಅನುಭವವಿರಬೇಕು. ಮೀಡಿಯಾವೈನ್‌ನಂಥ ಜಾಹೀರಾತು ಜಾಲದವರು ಬಹುಕಾಲ ತಿಂಗಳಿಗೆ 50,000 ಸೆಷನ್‌ಗಳಿದ್ದವರನ್ನಷ್ಟೇ (ಸೆಷನ್ ಎಂದರೆ ಓದುಗನ ಒಂದು ಭೇಟಿ) ಒಳಗೆ ಬಿಡುತ್ತಿದ್ದರು. ಅವರ ಮಾರುಕಟ್ಟೆಯೂ ಇಂಗ್ಲಿಷಿನದೇ. ಬರಹದ ಕೆಳಗೆ ‘ಇದನ್ನೂ ಓದಿ’ ಎಂಬ ಧಾಟಿಯಲ್ಲಿ ಚಿತ್ರಗಳ ಸಾಲು ಹಾಕುವ ಟಬೂಲ ಮೊದಲಾದವರು ಬೇರೆಯದೇ ಜಾತಿ. ಅವರು ದೊಡ್ಡ ಸುದ್ದಿತಾಣಗಳನ್ನು ಹುಡುಕುವವರು, ಮತ್ತು ಅಲ್ಲಿ ಬರುವ ಮೊಣಕಾಲು ನೋವಿನ ಪವಾಡಗಳು ಕೃಷಿ ಸಲಹೆಯ ಪುಟದ ಮರ್ಯಾದೆಯನ್ನು ಉಳಿಸುವುದಿಲ್ಲ.

ಆಡ್‌ಸೆನ್ಸ್ ಕೂಡ ಕನ್ನಡವನ್ನು ತಡವಾಗಿಯೇ ಒಳಗೆ ಬಿಟ್ಟುಕೊಂಡಿತು. ಹಿಂದಿಗೆ 2014ರ ಕೊನೆಯಲ್ಲಿ, ಬಂಗಾಳಿಗೆ 2017ರಲ್ಲಿ, ತಮಿಳಿಗೆ 2018ರಲ್ಲಿ ಬೆಂಬಲ ಸಿಕ್ಕಿತು. ಕನ್ನಡದ ಸರದಿ ಇವೆಲ್ಲದರ ನಂತರ. ಈಗ ಬೆಂಬಲಿತ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿರುವುದರಿಂದ ಪಟ್ಟಿಯಲ್ಲಿಲ್ಲದ ಭಾಷೆಯವರಂತೆ ನೀವು ಹಿಂಬಾಗಿಲಿನಿಂದ ನುಗ್ಗಬೇಕಾಗಿಲ್ಲ.

ಹಳೆಯ ಬ್ಲಾಗಿಗ

ಅಂಕಿಲೆಕ್ಕದವರು ಹೇಳಿದ ಆ ಹಿಂಬಾಗಿಲಿನಿಂದ ನುಗ್ಗಿದವರಲ್ಲಿ ನಾನೂ ಒಬ್ಬ. ಸಾಹಿತ್ಯದ ಒಂದು ಜಾಲಪತ್ರಿಕೆ ನಡೆಸುತ್ತಿದ್ದೆ. ನಮ್ಮ ಮೊದಮೊದಲ ಸಂಚಿಕೆಗಳು ಯೂನಿಕೋಡ್ ಪೂರ್ವದ ಫಾಂಟಿನಲ್ಲಿದ್ದವು. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ ಕಾಣುತ್ತಿದ್ದರೂ ಅದರ ಅಡಿಯಲ್ಲಿದ್ದದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಪುಟವನ್ನು ಓದಿ ವಿಷಯ ತಿಳಿಯಲು ಬರುವ ಯಂತ್ರಕ್ಕೆ ಕಾಣುವುದು ಆ ಅಡಿಯ ಸಾಲೇ ಹೊರತು ಮೇಲಿನ ಕನ್ನಡವಲ್ಲ. ನಿಮ್ಮ ಮುನ್ನೂರು ಬರಹಗಳಲ್ಲಿ ಹಳೆಯವು ಯಾವುವಾದರೂ ಹೀಗಿದ್ದರೆ, ಅಥವಾ ವಾಟ್ಸಾಪಿನಲ್ಲಿ ಹಂಚಲು ಅನುಕೂಲವೆಂದು ಬರಹವನ್ನೇ ಚಿತ್ರವಾಗಿ ಮಾಡಿ ಹಾಕಿದ್ದರೆ, ಮೊದಲು ಅವನ್ನು ಯೂನಿಕೋಡ್ ಪಠ್ಯವಾಗಿ ಪರಿವರ್ತಿಸಿ. ಗೂಗಲ್ ಈ ಕೆಲಸಕ್ಕೆ ಹುಡುಕಾಟದ ಯಂತ್ರವನ್ನಲ್ಲದೆ ಮೀಡಿಯಾಪಾರ್ಟ್‌ನರ್ಸ್-ಗೂಗಲ್ ಎಂಬ ಪ್ರತ್ಯೇಕ ಯಂತ್ರವನ್ನು ಕಳುಹಿಸುತ್ತದೆ. ಯಾವ ಯಂತ್ರ ನಿಮ್ಮ ಪುಟಗಳನ್ನು ಓದಬಹುದೆಂದು ಹೇಳುವ ರೋಬೋಟ್ಸ್ ಕಡತದಲ್ಲಿ ಅದಕ್ಕೆ ತಡೆಯಿದ್ದರೆ ಪುಟವನ್ನು ಓದದೆಯೇ ಜಾಹೀರಾತು ಹಾಕಬೇಕಾಗುತ್ತದೆ.

ಯಂತ್ರ ಓದಿದರೂ ಕನ್ನಡವನ್ನು ತಿಳಿಯುವುದು ಬೇರೆ ಮಾತು. ‘ಬಸ್ಸು ಹತ್ತಿ ಬಂದೆ’ ಎಂಬಲ್ಲಿ ಹತ್ತಿಯ ಬೆಳೆಯಿಲ್ಲ, ‘ಬೆಳೆದು ನಿಂತ ಮಗ’ ಎಂಬಲ್ಲಿ ಬೇಸಾಯವಿಲ್ಲ ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಪತ್ರಿಕೆಯಲ್ಲಿ ತಾಯಿಯ ಋಣವನ್ನು ತೀರಿಸಲಾರೆನೆಂಬ ಕವಿತೆಯೊಂದರ ಕೆಳಗೆ ಗಂಟೆಯೊಳಗೆ ಚಿನ್ನದ ಮೇಲೆ ಸಾಲ ಕೊಡುವವರ ಜಾಹೀರಾತು ಬಂದಿತ್ತು. ಕವಿ ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದರು. ಕೃಷಿಯ ಬರಹಗಳಲ್ಲಿ ಪದಗಳು ನೇರವಾಗಿರುವುದರಿಂದ ನಿಮಗೆ ಈ ಕಾಟ ಕಡಿಮೆ. ಆದರೆ ಅದರಿಂದಲೇ, ನೀವು ಹೆದರಿದಂತೆ, ಜಾಹೀರಾತು ಬರಹಕ್ಕೆ ಸರಿಯಾಗಿ ಅಂಟಿಕೊಳ್ಳುವ ಸಾಧ್ಯತೆ ಹೆಚ್ಚು.

ಎರಡನೆಯ ಮಾತು ಎಚ್ಚರಿಕೆಯದ್ದು. ಆಗ ನಾನು ಸೇರಿದ್ದ ಜಾಹೀರಾತು ಜಾಲದ ಹೆಸರು ಇಲ್ಲಿ ಬೇಡ. ಪತ್ರಿಕೆಯಲ್ಲಿ ಜಾಹೀರಾತು ಬರಲು ಶುರುವಾಗಿದೆಯೆಂದು ಸಂತೋಷದಿಂದ ನೆಂಟರಿಷ್ಟರಿಗೆಲ್ಲ ತಿಳಿಸಿದೆ. ಮಾವನಿಗೆ ನಾಲ್ಕು ಕಾಸು ಬರಲಿ ಎಂಬ ಪ್ರೀತಿಯಿಂದ ನನ್ನ ಅಕ್ಕನ ಮಕ್ಕಳಿಬ್ಬರು ಒಂದು ಭಾನುವಾರ ಮಧ್ಯಾಹ್ನವಿಡೀ ಕುಳಿತು ಕಂಡ ಜಾಹೀರಾತನ್ನೆಲ್ಲ ಒತ್ತಿದರು. ಮೊದಲ ಪಾವತಿಗೆ ಕೆಲವೇ ದಿನಗಳಿರುವಾಗ ಖಾತೆ ಮುಚ್ಚಿತು. ಮನವಿಗೆ ಎರಡು ಸಾಲಿನ ಸಿದ್ಧ ಉತ್ತರ ಬಂತು, ಅಷ್ಟೇ. ಜಾಹೀರಾತುದಾರನ ಹಣ ಹೀಗೆ ಸೋರಬಾರದೆಂಬ ನಿಯಮ ನ್ಯಾಯವಾದದ್ದೇ, ಆದರೆ ತಪ್ಪು ಯಾರದ್ದೆಂದು ವಿಚಾರಿಸುವ ಕಿವಿ ಆ ಕಡೆ ಇರಲಿಲ್ಲ. ನೀವು ಮಾಡಬೇಕಾದದ್ದು ಇಷ್ಟು: ಜಾಹೀರಾತು ಹಾಕಿದ ಸುದ್ದಿಯನ್ನು ಸೊಸೈಟಿಯಲ್ಲಿಯೂ ಹೇಳಬೇಡಿ, ಮದುವೆಮನೆಯಲ್ಲಿಯೂ ಹೇಳಬೇಡಿ, ನಿಮ್ಮ ಪುಟದ ಜಾಹೀರಾತನ್ನು ನೀವಂತೂ ಒತ್ತಲೇಬೇಡಿ.

ಯಾವ ಕಾರ್ಯಕ್ರಮವೂ ಶಾಶ್ವತವಲ್ಲ ಎಂಬುದನ್ನೂ ನೆನಪಿಡಿ. 2003ರಲ್ಲಿ ಆಡ್‌ಸೆನ್ಸ್ ಬಂದಾಗ ಅದಕ್ಕೆ ಪ್ರತಿಸ್ಪರ್ಧಿಯಾಗಿ ಯಾಹೂ 2005ರಲ್ಲಿ ತನ್ನ ಪಬ್ಲಿಷರ್ ನೆಟ್‌ವರ್ಕನ್ನು ಆರಂಭಿಸಿತು, ಅಮೆರಿಕದ ತಾಣಗಳಿಗಷ್ಟೇ ಕೊಟ್ಟಿತು, 2010ರಲ್ಲಿ ಮುಚ್ಚಿಯೂ ಬಿಟ್ಟಿತು. ಆ ದಿನಗಳಲ್ಲಿ ಎರಡರಲ್ಲಿ ಯಾವುದು ಮೇಲು ಎಂದು ರಾತ್ರಿಯಿಡೀ ಜಗಳವಾಡಿದವರನ್ನು ಬಲ್ಲೆ. ಜಾಹೀರಾತಿನ ಕೋಡನ್ನು ಒಂದೊಂದು ಬರಹದೊಳಗೂ ಅಂಟಿಸದೆ ಟೆಂಪ್ಲೇಟಿನಲ್ಲಿ ಒಂದೇ ಕಡೆ ಇಟ್ಟರೆ, ನಾಳೆ ಅದನ್ನು ಕೀಳುವ ದಿನ ಬಂದಾಗ ಮುನ್ನೂರು ಪುಟಗಳನ್ನು ತಿದ್ದುವ ಕೆಲಸ ತಪ್ಪುತ್ತದೆ.

ಅಡುಗೆಮನೆ

ನಮಸ್ಕಾರ ತೋಟದಮನೆಯವರೇ. ನಾನು ಉಡುಪಿ ಕಡೆಯ ಅಡುಗೆಯ ತಾಣವೊಂದನ್ನು ನಡೆಸುವವಳು. ನಿಮ್ಮ ಮೈಲುತುತ್ತು-ಸುಣ್ಣದ ಬರಹಕ್ಕೂ ನನ್ನ ಮೈಸೂರುಪಾಕಿನ ಬರಹಕ್ಕೂ ಒಂದು ಹೋಲಿಕೆಯಿದೆ. ಎರಡರಲ್ಲಿಯೂ ಓದುಗರು ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಕೆಲಸ ಮಾಡುತ್ತಿರುತ್ತಾರೆ. ಮೊದಲು ನಾನು ಆಟೋ ಆಡ್ಸ್ ಆಯ್ಕೆಯನ್ನು ಪೂರ್ತಿ ಬಿಟ್ಟುಕೊಟ್ಟಿದ್ದೆ. ಎಲ್ಲಿ ಹಾಕಬೇಕೆಂದು ಅದೇ ನಿರ್ಧರಿಸುತ್ತಿತ್ತು. ಒಂದು ದಿನ ನನ್ನ ನಾದಿನಿ ನನ್ನದೇ ಪುಟವನ್ನು ನೋಡಿ ಪಾಕ ಮಾಡುತ್ತಿದ್ದಳು. ‘ಒಂದೆಳೆ ಪಾಕ ಬಂದ ಕೂಡಲೇ’ ಎಂಬ ಸಾಲನ್ನು ಓದುತ್ತಿರುವಾಗ ಮೇಲೆ ಜಾಹೀರಾತು ತೆರೆದುಕೊಂಡು ಸಾಲು ಕೆಳಗೆ ಜಾರಿತು. ಅವಳು ಹಿಟ್ಟು ಹತ್ತಿದ ಬೆರಳಿನಿಂದ ಪುಟವನ್ನು ಎಳೆದು ಆ ಸಾಲನ್ನು ಮತ್ತೆ ಹಿಡಿಯುವಷ್ಟರಲ್ಲಿ ಪಾಕ ಎರಡೆಳೆಗೆ ಹೋಗಿತ್ತು. ಅಂದಿನಿಂದ ಅಳತೆ ಮತ್ತು ಕ್ರಮ ಹೇಳುವ ಭಾಗದೊಳಗೆ ಜಾಹೀರಾತನ್ನೇ ಬಿಟ್ಟಿಲ್ಲ. ಜಾಹೀರಾತು ಬರುವ ಜಾಗಕ್ಕೆ ಮೊದಲೇ ಎತ್ತರವನ್ನು ಕಾಯ್ದಿರಿಸಿದರೆ ಈ ಜಾರುವಿಕೆ ನಿಲ್ಲುತ್ತದೆ. ಗೂಗಲ್ ಇದನ್ನು ಸಿಎಲ್ಎಸ್ ಎಂಬ ಅಳತೆಯಲ್ಲಿ ನೋಡುತ್ತದೆ, 0.1ಕ್ಕಿಂತ ಮೇಲೆ ಹೋಗದಿದ್ದರೆ ಒಳ್ಳೆಯದೆಂದು ಎಣಿಸುತ್ತದೆ.

ನಿಮ್ಮ ಮುಖ್ಯ ಸಂಶಯಕ್ಕೆ ಬರುತ್ತೇನೆ. ಏಕಾದಶಿಯ ಫಲಾಹಾರದ ಪುಟದಲ್ಲಿ ಕೋಳಿ ಮಸಾಲೆಯ ಜಾಹೀರಾತು ಬಂದದ್ದನ್ನು ಓದುಗರೊಬ್ಬರು ಚಿತ್ರ ತೆಗೆದು ನನಗೇ ಕಳುಹಿಸಿದ್ದರು. ಆದರೂ ಅದು ನನ್ನ ಮಾತೆಂದು ಅವರು ತಿಳಿಯಲಿಲ್ಲ, ನಕ್ಕು ಬಿಟ್ಟರು. ಹೊಂದದ ಜಾಹೀರಾತು ನಗೆಗೀಡು ಮಾಡುತ್ತದೆಯೇ ಹೊರತು ಮೋಸ ಮಾಡುವುದಿಲ್ಲ. ಮೋಸವಾಗುವುದು ಹೊಂದಿದಾಗಲೇ, ಅದರಲ್ಲಿ ನೀವು ಹೇಳಿದ್ದು ಸರಿ. ಆದರೆ ಇದಕ್ಕೆ ಉಪಾಯಗಳಿವೆ. ಆಡ್‌ಸೆನ್ಸ್‌ನಲ್ಲಿ ಜಾಹೀರಾತುದಾರರ ತಾಣದ ವಿಳಾಸವನ್ನು ಕೊಟ್ಟು ಒಬ್ಬೊಬ್ಬರನ್ನು ತಡೆಯಬಹುದು, ವರ್ಗವನ್ನೇ ತಡೆಯಬಹುದು, ಬಂದು ಹೋದ ಜಾಹೀರಾತುಗಳನ್ನು ಪರಿಶೀಲಿಸಿ ಬೇಡವಾದದ್ದನ್ನು ನಿಲ್ಲಿಸಬಹುದು. ಆದರೆ ಮಳೆಗಾಲದಲ್ಲಿ ದಿನವೂ ಹೊಸ ಹೆಸರುಗಳು ಬರುವಾಗ ಅವನ್ನು ಒಂದೊಂದಾಗಿ ಹೆಕ್ಕುವುದು ಕಳೆ ಕಿತ್ತಂತೆ, ಮುಗಿಯುವುದಿಲ್ಲ. ಅದಕ್ಕಿಂತ ಸುಲಭವಾದದ್ದು ರೋಗ ಮತ್ತು ಔಷಧಿಯ ಬರಹಗಳನ್ನೇ ಜಾಹೀರಾತಿನಿಂದ ಹೊರಗಿಡುವುದು. ಆಟೋ ಆಡ್ಸ್‌ನಲ್ಲಿ ಪುಟಗಳನ್ನು ಹೆಸರಿಸಿ ಹೊರಗಿಡುವ ಸೌಲಭ್ಯವಿದೆ. ಜಾಹೀರಾತಿನ ಮೇಲೆ ‘ಜಾಹೀರಾತು’ ಎಂದು ಬರೆಯಿರಿ. ‘ಉಪಯುಕ್ತ ಕೊಂಡಿಗಳು’, ‘ನಮ್ಮ ಶಿಫಾರಸು’ ಎಂಬಂಥ ತಲೆಬರಹಗಳಿಗೆ ಅವರ ನಿಯಮವೇ ಒಪ್ಪುವುದಿಲ್ಲ.

ನೀವು ಹೀಗೆ ಮಾಡಿದರೆ ನಿಮ್ಮ ಅತಿ ಹೆಚ್ಚು ಓದುವ ಪುಟವೇ ಗಳಿಕೆಯಿಂದ ಹೊರಗೆ ಉಳಿಯುತ್ತದೆ ಎಂಬುದು ನನಗೆ ಗೊತ್ತು. ಆದರೆ ಋತುವಿನ ಲೆಕ್ಕವನ್ನೂ ನೋಡಿ. ಜಾಹೀರಾತಿನ ದರ ಸಾಮಾನ್ಯವಾಗಿ ಏರುವುದು ದಸರೆ, ದೀಪಾವಳಿಯಿಂದ ಡಿಸೆಂಬರಿನವರೆಗೆ, ಜನವರಿಯಲ್ಲಿ ಬಿದ್ದುಬಿಡುತ್ತದೆ. ನನ್ನ ಓದುಗರೂ ಹಬ್ಬಕ್ಕೇ ಬರುವುದರಿಂದ ನನಗೆ ಎರಡೂ ಕೂಡಿ ಬರುತ್ತವೆ, ಅದರಲ್ಲಿಯೂ ಅಮೆರಿಕದಿಂದ ಬರುವ ಕನ್ನಡಿಗರ ಒಂದು ವೀಕ್ಷಣೆಗೆ ಊರಿನ ಹಲವು ವೀಕ್ಷಣೆಗಳ ಬೆಲೆ ಸಿಗುತ್ತದೆ. ನಿಮ್ಮ ಜನಸಂದಣಿ ಜೂನ್, ಜುಲೈನದು, ಬಹುಪಾಲು ಊರಿನದೇ. ಹಾಗಾಗಿ ಕೊಳೆ ರೋಗದ ಪುಟವನ್ನು ಬಿಟ್ಟುಕೊಟ್ಟರೆ ನೀವು ಕಳೆದುಕೊಳ್ಳುವುದು ವೀಕ್ಷಣೆಯ ಎಣಿಕೆ ತೋರಿಸುವಷ್ಟು ದೊಡ್ಡ ಮೊತ್ತವಾಗಿರಲಾರದು.

ಅಂಗಡಿಯವರ ನೇರ ಜಾಹೀರಾತಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಕಠಿಣ. ವರ್ಷದ ಹಣ ಒಮ್ಮೆಗೇ ಕೈಗೆ ಬರುತ್ತದೆ, ಅದರಲ್ಲಿ ಯಾರೂ ಪಾಲು ಕೇಳುವುದಿಲ್ಲ ಎಂಬುದು ನಿಜ. ಆದರೆ ಜಾಲದ ಮೂಲಕ ಬರುವ ಜಾಹೀರಾತುದಾರನಿಗೆ ನೀವು ಯಾರೆಂದೇ ಗೊತ್ತಿರುವುದಿಲ್ಲ. ನೀವೇನು ಬರೆದಿರೆಂದು ಅವನು ನಿಮಗೆ ಫೋನು ಮಾಡುವುದಿಲ್ಲ. ಅಂಗಡಿಯವರು ಮಾಡುತ್ತಾರೆ. ನನಗೆ ಪಾತ್ರೆಯ ಅಂಗಡಿಯವರೊಬ್ಬರು ಆರು ತಿಂಗಳ ಹಣ ಕೊಟ್ಟಿದ್ದರು. ಕಬ್ಬಿಣದ ಕಾವಲಿಯೇ ದೋಸೆಗೆ ಮೇಲು ಎಂದು ನಾನು ಬರೆದ ಮರುದಿನ ಕರೆ ಬಂತು. ಅವರು ಗದರಲಿಲ್ಲ, ಬಹಳ ವಿನಯದಿಂದ, ನಾನ್‌ಸ್ಟಿಕ್ ಬಗ್ಗೆಯೂ ಎರಡು ಒಳ್ಳೆಯ ಮಾತು ಸೇರಿಸಬಹುದೇ ಮೇಡಂ ಎಂದು ಕೇಳಿದರು. ಆ ವಿನಯಕ್ಕೆ ಇಲ್ಲವೆನ್ನುವುದು ನಿಯಮಗಳಿಗೆ ಇಲ್ಲವೆನ್ನುವುದಕ್ಕಿಂತ ಕಷ್ಟ.

ಜಮಾಖರ್ಚು

ತೆರಿಗೆಯ ಕಡೆಯಿಂದ ಎರಡು ಮಾತು. ಅಡಿಕೆ ಮಾರಿದ ಹಣ ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲ. ಅಡಿಕೆಯ ಬಗ್ಗೆ ಬರೆದು ಬಂದ ಜಾಹೀರಾತಿನ ಹಣ ಕೃಷಿ ಆದಾಯವಲ್ಲ. ಕೃಷಿಕರು ನಡೆಸುವ ಕೃಷಿಯ ತಾಣವಾದ್ದರಿಂದ ಅದೂ ಅದರಲ್ಲಿಯೇ ಸೇರುತ್ತದೆ ಎಂದು ನಂಬಿದ ಕಕ್ಷಿದಾರರನ್ನು ನಾನು ನೋಡಿದ್ದೇನೆ. ರಿಟರ್ನ್ಸ್‌ನಲ್ಲಿ ಅದನ್ನು ಬೇರೆಯಾಗಿ ತೋರಿಸಿ, ಹೋಸ್ಟಿಂಗ್ ಮತ್ತು ಡೊಮೈನ್ ಬಿಲ್ಲುಗಳನ್ನು ಖರ್ಚೆಂದು ಕಳೆಯಲು ತೆಗೆದಿಡಿ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ. ಅಂಕಿಲೆಕ್ಕದವರ ಲೆಕ್ಕವನ್ನು ನೋಡಿದರೆ ನಿಮಗೆ ಆ ಚಿಂತೆ ಸದ್ಯಕ್ಕಿಲ್ಲ.

ಹಣ ಹೊರದೇಶದಿಂದ ವೈರ್ ವರ್ಗಾವಣೆಯಾಗಿ ಬರುವುದರಿಂದ ಸ್ವಿಫ್ಟ್ ಸಂಕೇತವಿರುವ ಬ್ಯಾಂಕಿನ ಖಾತೆಯನ್ನೇ ಕೊಡಬೇಕು. ಅಡಿಕೆ ಬಿಡ್ಡಿನ ಹಣ ಬರುವ ನಿಮ್ಮ ಸಹಕಾರಿ ಸಂಘದ ಖಾತೆ ಇದಕ್ಕೆ ಆಗುವುದಿಲ್ಲ. ಬ್ಯಾಂಕಿನವರು ಯಾವ ಉದ್ದೇಶದ ಹಣವೆಂದು ಕೇಳಿದರೆ ಜಾಹೀರಾತು ಸೇವೆಯ ಸಂಕೇತವಾದ ಪಿ1007 ಎಂದು ತಿಳಿಸಿ.

ತೋಟದಮನೆ

ಎಲ್ಲರ ಉತ್ತರಗಳನ್ನೂ ಎರಡು ಸಲ ಓದಿದೆ, ಮನೆಯಲ್ಲಿಯೂ ಓದಿ ಹೇಳಿದೆ. ಅಡುಗೆಮನೆಯವರ ಪಾಕದ ಕಥೆ ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಪಡೆಯಿತು. ನಮ್ಮ ಕಡೆ ಮರದ ಕೆಳಗೆ ಬ್ಯಾರಲ್ ಇಟ್ಟುಕೊಂಡು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಮೇಲಿನಿಂದ ಪೈಪು ಎಳೆಯುತ್ತಿರುವಾಗ ನನ್ನ ಪುಟವನ್ನು ತೆರೆದು ಅಳತೆ ನೋಡುವವರಿದ್ದಾರೆ. ಅಲ್ಲಿ ಒಂದು ಸಾಲು ಜಾರಿದರೆ ಸುಣ್ಣದ ಅಳತೆಯೇ ತಪ್ಪುತ್ತದೆ.

ಆದ್ದರಿಂದ ಹೀಗೆ ಮಾಡುವುದೆಂದು ಯೋಚಿಸಿದ್ದೇನೆ. ಆಡ್‌ಸೆನ್ಸ್‌ಗೆ ಅರ್ಜಿ ಹಾಕುತ್ತೇನೆ. ಕೊಳೆ, ಎಲೆಚುಕ್ಕೆ, ಸೊರಗು ರೋಗದ ಬರಹಗಳು ಮತ್ತು ಔಷಧಿಯ ಅಳತೆಯಿರುವ ಎಲ್ಲ ಪುಟಗಳನ್ನು ಹೊರಗಿಡುತ್ತೇನೆ. ಸಸಿ, ಯಂತ್ರ, ಸಂಸ್ಕರಣೆ ಹಾಗೂ ಮಾರುಕಟ್ಟೆಯ ಪುಟಗಳಲ್ಲಿ ಬರಹ ಮುಗಿದ ಮೇಲೆ ಒಂದು, ಪ್ರಸ್ತಾವನೆಯ ನಂತರ ಒಂದು, ಹೀಗೆ ಎರಡೇ ಜಾಗ. ದೋಟಿಯ ಅಂಗಡಿಯವರಿಗೆ ಸದ್ಯಕ್ಕೆ ಬೇಡವೆಂದು ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಮುಂದಿನ ವರ್ಷ ಕೇಳುತ್ತೇನೆ ಎಂದರು. ಹಳೆಯ ಬರಹಗಳಲ್ಲಿ ನಲವತ್ತರಷ್ಟು ನಿಜವಾಗಿಯೂ ಚಿತ್ರಗಳಾಗಿಯೇ ಇದ್ದವು. ಮಗಳು ರಜೆಗೆ ಬಂದಾಗ ಇಬ್ಬರೂ ಕುಳಿತು ಅವನ್ನು ಟೈಪ್ ಮಾಡುವುದೆಂದು ಆಗಿದೆ.

ಒಂದೇ ಪ್ರಶ್ನೆ ಉಳಿದಿದೆ. ನನ್ನ ಓದುಗ ನಿನ್ನೆ ಬೇರೆ ಕಡೆ ಏನು ಹುಡುಕಿದನೆಂಬುದನ್ನು ಹಿಡಿದು ನನ್ನ ಪುಟದಲ್ಲಿ ಜಾಹೀರಾತು ತೋರಿಸುವುದು ನನಗೆ ಹಿಡಿಸುವುದಿಲ್ಲ. ಪುಟದ ವಿಷಯವನ್ನಷ್ಟೇ ನೋಡಿ ಹಾಕಿಸಲು ಸಾಧ್ಯವೇ? ಅಂಚೆಯಲ್ಲಿ ವಿಳಾಸ ಪರಿಶೀಲನೆಯ ಸಂಖ್ಯೆ ಬರುತ್ತದೆಂದು ಓದಿದೆ. ನಮ್ಮೂರಿನ ಪೋಸ್ಟ್‌ಮ್ಯಾನ್‌ಗೆ ಈಗಲೇ ಹೇಳಿಟ್ಟಿದ್ದೇನೆ.

ಅಂಕಿಲೆಕ್ಕ

ಸಾಧ್ಯ. ಆಡ್‌ಸೆನ್ಸ್ ಹುಟ್ಟಿದ್ದು ಪುಟದ ವಿಷಯ ನೋಡುವ ಯಂತ್ರವಾಗಿಯೇ ಆದರೂ ಇಂದು ಅದು ಓದುಗನ ಆಸಕ್ತಿಯನ್ನೂ ಬೆರೆಸುತ್ತದೆ. ಈ ವೈಯಕ್ತಿಕ ಜಾಹೀರಾತನ್ನು ಖಾತೆಯಲ್ಲಿ ನಿಲ್ಲಿಸುವ ಆಯ್ಕೆಯಿದೆ. ನಿಲ್ಲಿಸಿದರೆ ಪುಟದ ವಿಷಯ ಮತ್ತು ಓದುಗನಿರುವ ಸ್ಥೂಲ ಪ್ರದೇಶವನ್ನು ಮಾತ್ರ ನೋಡುತ್ತದೆ. ಗಳಿಕೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ ಎಂಬುದನ್ನು ತಿಳಿದೇ ಮಾಡಿ. ಆಪಲ್‌ನ ಬ್ರೌಸರ್ ಸಫಾರಿ 2020ರಿಂದಲೇ ಮೂರನೆಯವರ ಕುಕೀಗಳನ್ನು, ಅಂದರೆ ಓದುಗನ ಜಾಡು ಹಿಡಿಯಲು ಬೇರೆ ತಾಣದವರು ಅವನ ಬ್ರೌಸರಿನಲ್ಲಿ ಇಡುವ ಗುರುತುಗಳನ್ನು, ಪೂರ್ತಿ ತಡೆಯುತ್ತಿದೆ. ಗೂಗಲ್‌ನ ಬ್ರೌಸರ್ ಕ್ರೋಮ್ ಮಾತ್ರ ತಾನೂ ತಡೆಯುತ್ತೇನೆಂದು 2020ರಲ್ಲಿ ಹೇಳಿ 2024ರಲ್ಲಿ ಹಿಂದೆ ಸರಿಯಿತು, ಮತ್ತು ನಿಮ್ಮ ಓದುಗರ ಆಂಡ್ರಾಯ್ಡ್ ಫೋನುಗಳಲ್ಲಿ ಇರುವುದು ಹೆಚ್ಚಾಗಿ ಕ್ರೋಮೇ. ಆದ್ದರಿಂದ ಈ ನಿರ್ಧಾರ ನಿಮ್ಮ ಕೈಯಲ್ಲಿಯೇ ಉಳಿಯುತ್ತದೆ. ನಿಲ್ಲಿಸಿದರೂ ಕುಕೀ ಬಳಕೆಯ ವಿವರವಿರುವ ಗೌಪ್ಯತಾ ನೀತಿಯ ಪುಟವೊಂದು ನಿಮ್ಮ ತಾಣದಲ್ಲಿರಲೇಬೇಕು.

ಪೋಸ್ಟ್‌ಮ್ಯಾನ್‌ಗೆ ಅವಸರ ಬೇಡವೆಂದು ಹೇಳಿ. ಆರು ಅಂಕಿಯ ಆ ಪತ್ರ ಖಾತೆಯಲ್ಲಿ 10 ಡಾಲರ್ ಸೇರಿದ ಮೇಲಷ್ಟೇ ಹೊರಡುತ್ತದೆ, ತಲುಪಲು ಮತ್ತೆರಡು ಮೂರು ವಾರ ಬೇಕಾಗಬಹುದು. ಹೊರಟ ದಿನದಿಂದ ನಾಲ್ಕು ತಿಂಗಳೊಳಗೆ ಸಂಖ್ಯೆಯನ್ನು ನಮೂದಿಸದಿದ್ದರೆ ಜಾಹೀರಾತು ನಿಲ್ಲುತ್ತದೆ. ನಿಮ್ಮ ಕಡೆ ಮಳೆಗಾಲದಲ್ಲಿ ಟಪಾಲು ಹೇಗೆ ಬರುತ್ತದೆಂಬುದು ನಿಮಗೇ ಚೆನ್ನಾಗಿ ಗೊತ್ತು. ವಿಳಾಸದಲ್ಲಿ ಮನೆಯ ಹೆಸರಿನ ಜೊತೆಗೆ ‘ಅಂಚೆ’ ಎಂದು ಬರೆದು ನಿಮ್ಮ ಶಾಖಾ ಅಂಚೆ ಕಚೇರಿಯ ಹೆಸರನ್ನೂ ಸೇರಿಸಿ.